ಆರು, ಮತ್ತೊಂದು, ಎಂಟು

ಹೊಸ ಜೋಳದ ಚೀಲದ ಬಾಯಿ ಬಿಚ್ಚಿದಾಗ ಬರುವ ವಾಸನೆ ನಿಮಗೆ ಗೊತ್ತಿದ್ದರೆ ನನ್ನ ಅರ್ಧ ಕೆಲಸ ಮುಗಿಯಿತು. ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಬಿಸಿಲಿಗೆ ಕಾದ ಎರೆಮಣ್ಣಿನದು ಒಂದು ಪಾಲು, ಹೊಟ್ಟಿನದು ಒಂದು ಪಾಲು, ಉಳಿದದ್ದು ಏನೆಂದು ನನಗೂ ತಿಳಿಯದು. ಹಾಲಿನ ನೆನಪು ತರುವ ಏನೋ ಒಂದು. ಮೊನ್ನೆ ಬೆಳಿಗ್ಗೆ ನಮ್ಮ ಅಡುಗೆಮನೆಯ ನೆಲದ ಮೇಲೆ ಅಂಥ ಒಂದು ಚೀಲ ಬಾಯಿ ತೆರೆದು ಕೂತಿತ್ತು. ನಾನು ಕಣ್ಣು ಮುಚ್ಚಿ ಮೂಸಿದೆ. ನಮ್ಮ ಮನೆಯವರು ಮೂರು ಸಲ ಸೀನಿದರು. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮೂರು ಎಂಬ ಲೆಕ್ಕವೂ ಅವರದೇ.

ಚೀಲ ತಂದವನು ರಫೀಕ. ಬಬಲೇಶ್ವರದಿಂದ ವಿಜಯಪುರಕ್ಕೆ ದಿನಾ ಕಾಯಿಪಲ್ಲೆ ಹೇರಿಕೊಂಡು ಬರುವ ಗಾಡಿ ಅವನದು. ಕಳಿಸಿದವನು ಅವನ ಅಜ್ಜ, ನಮ್ಮ ದಸ್ತಗೀರ ಕಾಕಾ.

"ತೂಕ ಮಾಡಬ್ಯಾಡ್ರಿ ಅಂದಾನ. ಅಳದ ಡಬ್ಬಿಗೆ ತುಂಬಬೇಕಂತ. ಅದೂ ನೀವ ಅಳೀಬೇಕಂತ," ಎಂದ ರಫೀಕ.

"ಕಾಕಾ ಹೆಂಗದಾನ?"

"ಮಕ್ಕೊಂಡಬಿಟ್ಟಾನ್ರಿ. ಹದಿನೈದ ದಿನಾ ಆತು. ಡಾಕ್ಟರು ರೋಗ ಏನೂ ಇಲ್ಲ, ವಯಸ್ಸಾಗೈತಿ ಅಂತಾರ. ಎರಡ ತುತ್ತ ತಿಂತಾನ, ಬಾಯಿ ಮುಚ್ಚತಾನ. ನಮ್ಮವ್ವ ಉಣಸಿ ಉಣಸಿ ಸಾಕಾಗ್ಯಾಳ." ಹುಡುಗ ನಗುತ್ತಲೇ ಹೇಳಲು ಹೊರಟಿದ್ದ, ಕೊನೆಗೆ ಅವನ ಮುಖ ಸಣ್ಣದಾಯಿತು.

ಅವನು ಹೋದ ಮೇಲೆ ನಾನು ನೆಲದ ಮೇಲೆ ಕೂತೆ. ಹೀಗೆ ನೆಲಕ್ಕೆ ಕೂರುವುದು ನನ್ನ ಪಾಲಿಗೆ ಸಣ್ಣ ಸಂಗತಿಯಲ್ಲ, ಅದನ್ನು ಮುಂದೆ ಹೇಳುತ್ತೇನೆ. ಒಂದು ಕೈಯಲ್ಲಿ ಕಬ್ಬಿಣದ ಸೇರು, ಇನ್ನೊಂದು ಕೈಯಲ್ಲಿ ಡಬ್ಬಿಯ ಅಂಚು. ಮೊದಲ ಸೇರು ಸುರಿಯುವಾಗ ಬಾಯಿ ತಾನಾಗಿಯೇ "ಲಾಭ" ಎಂದಿತು. ಆಮೇಲೆ ಎರಡು, ಮೂರು, ನಾಲ್ಕು, ಐದು, ಆರು. ಅಲ್ಲಿಗೆ ಕೈ ನಿಂತುಬಿಟ್ಟಿತು.

"ಯಾಕ, ಏನಾತು?" ಎಂದರು ಮನೆಯವರು.

"ನಾ ಬಬಲೇಶ್ವರಕ್ಕ ಹೋಗಿ ಬರ್ತೀನಿ," ಎಂದೆ.

ಆರಕ್ಕೆ ಯಾಕೆ ನಿಂತೆ ಎಂಬುದನ್ನು ತಿಳಿಯಬೇಕಾದರೆ ನೀವು ನನ್ನ ಜೊತೆ ಅರವತ್ತು ವರ್ಷ ಹಿಂದಕ್ಕೆ ಬರಬೇಕು. ದೂರವೇನಿಲ್ಲ. ಬಬಲೇಶ್ವರದಿಂದ ಕಾಖಂಡಕಿಯ ಕಡೆ ಹೋಗುವ ದಾರಿಯಲ್ಲಿ ನಮ್ಮಪ್ಪನ ಹೊಲ. ಬಿಳಿಜೋಳ ಬೆಳೆಯುವ ಎರೆ. ಸುಗ್ಗಿಯಲ್ಲಿ ಹೊಲದ ನಡುವೆ ಕಣ ಮಾಡಿ, ಸಗಣಿ ಸಾರಿಸಿ, ತೂರಿದ ಜೋಳವನ್ನು ಗುಡ್ಡೆ ಹಾಕುತ್ತಿದ್ದರು. ಆ ಗುಡ್ಡೆಗೆ ರಾಶಿ ಎಂದು ಹೆಸರು. ಹೆಸರು ಬಿದ್ದ ಮೇಲೆ ಅದು ಬರೀ ಜೋಳವಾಗಿ ಉಳಿಯುತ್ತಿರಲಿಲ್ಲ. ಅದರ ಮುಂದೆ ಚಪ್ಪಲಿ ಹಾಕುವಂತಿಲ್ಲ, ಗಟ್ಟಿಯಾಗಿ ಮಾತಾಡುವಂತಿಲ್ಲ. ಅದನ್ನು ಅಳೆಯಲು ಸುತ್ತಲಿನ ಹೊಲದವರೆಲ್ಲ ಕರೆಯುತ್ತಿದ್ದದ್ದು ಒಬ್ಬನನ್ನೇ. ಆಗ ಮೂವತ್ತರ ಹತ್ತಿರದ ದಸ್ತಗೀರ. ಅವನಪ್ಪನೂ ಅಳೆಯುವವನಾಗಿದ್ದ, ಅವನಜ್ಜನೂ. ತೆಳ್ಳಗಿನ ಮನುಷ್ಯ, ತಲೆಗೆ ಬಿಳಿ ವಸ್ತ್ರ. ಮೂಡಣಕ್ಕೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತು, ಬಾಯೊಳಗೇ ಬಿಸ್ಮಿಲ್ಲಾ ಅಂದುಕೊಂಡು, ಅಳತೆ ತುಂಬಿ ಚೀಲಕ್ಕೆ ಸುರಿಯುತ್ತಿದ್ದ. ಆಗಿನ ಅಳತೆ ನನ್ನ ಅಡುಗೆಮನೆಯ ಸೇರಿಗಿಂತ ದೊಡ್ಡದು, ಪಾಯಲಿ ಅನ್ನುತ್ತಿದ್ದರು.

ಅವನ ಎಣಿಕೆ ಒಂದರಿಂದ ಶುರುವಾಗುತ್ತಿರಲಿಲ್ಲ. ಒಂದರ ಜಾಗದಲ್ಲಿ "ಲಾಭ". ಆರು ಆದ ಮೇಲೆ "ಮತ್ತೊಂದು". ಅದಾದ ಮೇಲೆ ಎಂಟು. ಇಪ್ಪತ್ತಾದರೆ ಒಂದು ಹರಳು ಪಕ್ಕಕ್ಕಿಟ್ಟು ತಿರುಗಿ ಲಾಭ. ಏಳು ಎಂಬ ಅಂಕಿ ಅವನ ಬಾಯಲ್ಲಿ ಇರಲೇ ಇಲ್ಲ.

ನನಗೆ ಆಗ ಎಂಟು ವರ್ಷ. ಸಾಲೆಯಲ್ಲಿ ಮಗ್ಗಿ ಒಪ್ಪಿಸಿ ಮಾಸ್ತರರಿಂದ ಶಹಬ್ಬಾಸ್ ಅನ್ನಿಸಿಕೊಂಡ ಹೊಸತು. ಅಳೆಯುವಾಗ ಹೆಣ್ಣುಮಕ್ಕಳು ಕಣದೊಳಗೆ ಬರಬಾರದೆಂದು ನಮ್ಮಜ್ಜಿಯ ಕಟ್ಟಪ್ಪಣೆ ಇತ್ತು. ಆದರೆ ಎಂಟು ವರ್ಷದವಳು ಯಾರ ಗಮನಕ್ಕೂ ಬೀಳುವುದಿಲ್ಲ. ನಾನು ಕಣದ ಅಂಚಿಗೆ ಕೂತು ಕೇಳಿದೆ. ಮೊದಲ ಸುತ್ತು ಕೇಳಿದೆ, ಎರಡನೆಯದು ಕೇಳಿದೆ. ಇಷ್ಟು ದೊಡ್ಡ ಮನುಷ್ಯನಿಗೆ ಎಣಿಸಲು ಬರುವುದಿಲ್ಲವಲ್ಲ ಎಂದು ಬೆರಳು ಮಡಚಿ ನಾನೇ ಎಣಿಸತೊಡಗಿದೆ. ಮೂರನೆಯ ಸುತ್ತೂ ಮುಗಿದು ಮೂರು ಚೀಲ ತುಂಬಿ ಬಾಯಿ ಹೊಲಿದಾಗಿತ್ತು. ನಾಲ್ಕನೆಯದರಲ್ಲಿ ಅವನು "ಆರು" ಅಂದನೋ ಇಲ್ಲವೋ, ನಾನು ಎದ್ದು ನಿಂತು ಇಡೀ ಹೊಲಕ್ಕೆ ಕೇಳುವ ಹಾಗೆ ಕೂಗಿದೆ:

"ಏಳು!"

ನಮ್ಮಪ್ಪನ ಮುಖ ಕಪ್ಪಿಟ್ಟಿತು. ಬೇವಿನ ಗಿಡದ ಕೆಳಗಿದ್ದ ಅಜ್ಜಿ ಕೈ ಎತ್ತಿಕೊಂಡೇ ನನ್ನತ್ತ ಬಂದಳು.

ಈ ಅಂಕಿಯ ಪಾಡು ಕನ್ನಡದಲ್ಲೇ ಹೀಗೆ. ಲೆಕ್ಕದ ಪುಸ್ತಕದಲ್ಲಿ ಅದು ಆರರ ಮುಂದಿನದು. ಅದನ್ನೇ ಒಬ್ಬರ ಮುಖ ನೋಡಿ ಹೇಳಿದರೆ ಎದ್ದು ನಿಲ್ಲು, ಜಾಗ ಖಾಲಿ ಮಾಡು ಎಂಬ ಅಪ್ಪಣೆ. ವರ್ಷವಿಡೀ ಬೆವರು ಸುರಿಸಿ ಮನೆಗೆ ಕರೆದ ಜೋಳ ಬಂದು ಕೂತಿರುವಾಗ ಅದರ ಮುಖಕ್ಕೇ "ಏಳು" ಅನ್ನುವುದೆಂದರೆ ಉಣ್ಣಲು ಕೂತ ಬೀಗರನ್ನು ಎಬ್ಬಿಸಿದ ಹಾಗೆ. ನಾನು ಎಬ್ಬಿಸಿದ್ದೆ.

ದಸ್ತಗೀರ ಕಾಕಾ ಕೈ ಅಡ್ಡ ಹಿಡಿದು ಅಜ್ಜಿಯನ್ನು ತಡೆದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಈ ಮಾತನ್ನು ಈಗ ಬರೆಯುವಾಗಲೂ ನನಗೆ ಆಶ್ಚರ್ಯವೇ.

"ಇರ್ಲಿ ಬಿಡು ದಸ್ತಗೀರ, ಹುಡುಗಿ ತಪ್ಪ ಅಂದಾಳ. ಮುಂದ ನಡಸು," ಎಂದ ನಮ್ಮಪ್ಪ.

"ತಪ್ಪೆಲ್ಲಿ ಅಂದಾಳ್ರಿ ಅಣ್ಣಾರ? ಖರೇನ ಅಂದಾಳ. ಆರ ಆದಮ್ಯಾಲೆ ಅದ ಬರೂದು," ಎಂದ ಕಾಕಾ. "ಆದ್ರ ಜ್ವಾಳ ಕೇಳಿಸ್ಕೊಂಡೈತಿ."

ಹಾಗೆ ಅಂದು ಅವನು ಮಾಡಿದ ಕೆಲಸ ನೋಡಿ. ಹೊಲಿದ ಮೂರು ಚೀಲಗಳ ದಾರ ಬಿಚ್ಚಿದ. ಒಂದೊಂದನ್ನೇ ಎದೆಗೆ ಆನಿಸಿಕೊಂಡು ತಂದು ರಾಶಿಗೆ ಸುರಿದ. ಪಕ್ಕಕ್ಕಿಟ್ಟ ಹರಳು ಎತ್ತಿ ಎಸೆದ. ಬೆಳಗಿನಿಂದ ಮಾಡಿದ ಕೆಲಸವೆಲ್ಲ ಅರ್ಧ ತಾಸಿನಲ್ಲಿ ಇಲ್ಲದಂತಾಯಿತು. ಬೆವರು ಒರೆಸಿಕೊಳ್ಳುತ್ತ, ಆಳುಗಳ ಕಡೆ ನೋಡುತ್ತ, "ಎದ್ದಾವು, ಮತ್ತ ಕೂಡಸೂಣು," ಎಂದ. ಆಮೇಲೆ ನನ್ನನ್ನು ಕರೆದ.

"ಇಲ್ಲಿ ಬಾ ಬೇ. ನನ್ನ ಮಗ್ಗಲಕ ಕುಂದ್ರು. ನನ್ನ ಬಾಯಿ ದಣದೈತಿ. ಆರ ತನಕ ನಾ ಅಂತೀನಿ. ಅದರ ಮುಂದಿಂದು ನೀ ಅನ್ನು. ಏನ ಅನ್ನಬೇಕಂತ ಗೊತ್ತೈತಲಾ?"

ಗೊತ್ತಿತ್ತು. ಅಜ್ಜಿ ಏನೋ ಗೊಣಗಿದಳು. ನಾನು ರಾಶಿಯ ಪಕ್ಕ ಕೂತೆ. ಆರು ಬಂದಾಗಲೆಲ್ಲ ಅವನು ಅಳತೆಯನ್ನು ಗಾಳಿಯಲ್ಲಿ ಹಿಡಿದು ನನ್ನತ್ತ ನೋಡುತ್ತಿದ್ದ, ನಾನು ಮೆಲ್ಲಗೆ "ಮತ್ತೊಂದು" ಅನ್ನುತ್ತಿದ್ದೆ, ಜೋಳ ಸುರಿಯುತ್ತಿತ್ತು. ಹೊತ್ತು ಇಳಿಯುವ ತನಕ ಹಾಗೇ ನಡೆಯಿತು. ನನಗೆ ಬಯ್ಯಲು, ಹೊಡೆಯಲು ಎಲ್ಲರಿಗೂ ಅವತ್ತು ಹಕ್ಕಿತ್ತು. ಅವನೊಬ್ಬ ಮಾತ್ರ ನಾನು ಕೆಡಿಸಿದ ಮಾತಿನ ಉಸ್ತುವಾರಿಯನ್ನೇ ನನ್ನ ಕೈಗೆ ಕೊಟ್ಟ.

ಇಷ್ಟು ದೊಡ್ಡ ಪಾಠ ಕಲಿತವಳು ಮುಂದೆ ಏನಾಗಬೇಕಿತ್ತು? ಏನೂ ಆಗಲಿಲ್ಲ, ತತ್ವಶಾಸ್ತ್ರದ ಅಧ್ಯಾಪಕಿಯಾದೆ. ವಿಜಯಪುರದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ. ಬೇರೆ ವಿಷಯದಲ್ಲಿ ಜಾಗ ಸಿಗದ ಮಕ್ಕಳು ನನ್ನ ತರಗತಿಗೆ ಬರುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುವಾಗ ಅವರನ್ನು ಎಚ್ಚರವಾಗಿಡಲು ನನ್ನ ಬಳಿ ಇದ್ದ ಉಪಾಯ ಒಂದೇ. ಮಾತಿಗೂ ವಸ್ತುವಿಗೂ ಇರುವ ಸಂಬಂಧದ ಪಾಠ ಬಂದಾಗ ಕಾಕಾನ ಕತೆ ಹೇಳುತ್ತಿದ್ದೆ. "ನೋಡಿ, ಜೋಳಕ್ಕೆ ಕಿವಿ ಇದೆಯೆಂದು ನಂಬಿದ್ದ ಒಬ್ಬ ಮನುಷ್ಯನಿದ್ದ. ಇದಕ್ಕೆ ಮೂಢನಂಬಿಕೆ ಎನ್ನುತ್ತಾರೆ." ಹುಡುಗರು ಹೋ ಎಂದು ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ನಾನು. ಚೀಲ ಬಿಚ್ಚಿ ಸುರಿದದ್ದನ್ನು, ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡದ್ದನ್ನು ಹೇಳುತ್ತಿರಲಿಲ್ಲ. ಅಷ್ಟು ಹೇಳಿದರೆ ನಗೆ ಬರುವುದಿಲ್ಲವಲ್ಲ. ಮನೆಯಲ್ಲೂ ಇದೇ. ನಮ್ಮ ಮನೆಯವರು ಮದುವೆಯಾದ ಹೊಸತರಲ್ಲಿ ಈ ಕತೆ ಕೇಳಿ, "ಅಂಕಿಗೂ ಕಿವಿ ಇಲ್ಲ, ಜ್ವಾಳಕ್ಕೂ ಇಲ್ಲ," ಎಂದು ತೀರ್ಪು ಕೊಟ್ಟಿದ್ದರು. ನಾನು ಒಪ್ಪಿದ್ದೆ.

ಒಮ್ಮೆ ತೊರವಿಯಿಂದ ಸೈಕಲ್ ತುಳಿದು ಬರುತ್ತಿದ್ದ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ: "ಮೇಡಂ, ಇದೆಲ್ಲಾ ಮನಿಗಿ ಹೋದಮ್ಯಾಲೆ ಏನ ಉಪಯೋಗಕ್ಕ ಬರ್ತೈತ್ರಿ?" ಉಪಯೋಗದ ಪ್ರಶ್ನೆ ತತ್ವಶಾಸ್ತ್ರಕ್ಕೆ ಹೊಂದುವುದಿಲ್ಲ ಎಂದು ಹೇಳಿ ಕೂಡಿಸಿದೆ. ಅವನು ಕೂತ. ಉತ್ತರ ಚೆನ್ನಾಗಿತ್ತೆಂದು ಎಷ್ಟೋ ವರ್ಷ ಹೆಮ್ಮೆಪಟ್ಟುಕೊಂಡಿದ್ದೆ.

ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಾಗ ಆ ಹುಡುಗನ ಪ್ರಶ್ನೆ ನೇರ ನನ್ನ ಮಂಚದ ಬಳಿ ಬಂದು ನಿಂತಿತು. ಆಪರೇಷನ್ ಆಯಿತು, ಒಳಗೆ ಉಕ್ಕಿನ ಕೀಲು ಕೂತಿತು. ಡಾಕ್ಟರು ಫೋಟೋ ತೋರಿಸಿ ಎಲ್ಲ ಕೂಡಿಕೊಂಡಿದೆ, ಇನ್ನು ಎದ್ದು ನಡೆಯಬೇಕು ಎಂದರು. ನಾನು ಏಳಲಿಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು. ನೋವು ಹೆಚ್ಚೇನಿರಲಿಲ್ಲ. ಹೆದರಿಕೆ ಇತ್ತು. ಮಂಚದ ಅಂಚಿಗೆ ಬಂದು ಕಾಲು ಇಳಿಬಿಟ್ಟರೆ ಕೆಳಗಿನ ನೆಲ ನನ್ನನ್ನು ಹೊಡೆಯಲು ಕಾದಿದೆಯೆಂದು ಅನ್ನಿಸುತ್ತಿತ್ತು. ಭಯ ಅಂದರೇನು, ಅದರ ಬೇರು ಯಾವುದು, ಕೀಳುವುದು ಹೇಗೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದ ಕೈಗಳು ಹಾಸಿಗೆಯ ಅಂಚನ್ನು ಬಿಡಲೊಲ್ಲವು. ಡಾಕ್ಟರು ಕೊನೆಗೆ ನಮ್ಮ ಮನೆಯವರನ್ನು ಹೊರಗೆ ಕರೆದು, ಈ ತಿಂಗಳೂ ಹೀಗೇ ಮಲಗಿದರೆ ಕಾಲು ಸೋತುಹೋಗುತ್ತದೆ, ಆಮೇಲೆ ಹಾಸಿಗೆಯೇ ಗತಿ ಎಂದರಂತೆ. ಮೆಲ್ಲಗೆ ಹೇಳಿದರೂ ನನಗೆ ಕೇಳಿಸಿತು.

ಕಾಲಿಗೆ ವ್ಯಾಯಾಮ ಮಾಡಿಸಲು ತಿಕೋಟಾದಿಂದ ರೇಖಾ ಎಂಬ ಹುಡುಗಿ ಸ್ಕೂಟರಿನಲ್ಲಿ ಬರುತ್ತಿದ್ದಳು. ಅವರ ಮನೆಯಲ್ಲಿ ದ್ರಾಕ್ಷಿ ಒಣಗಿಸುತ್ತಾರೆ. ಅವಳು ಬಂದರೆ ಕೋಣೆಗೆಲ್ಲ ಒಣದ್ರಾಕ್ಷಿಯ ಸಿಹಿ ವಾಸನೆ. ಒನ್, ಟೂ ಎಂದು ಎಣಿಸಿ ಹತ್ತು ಸಲ ಕಾಲು ಎತ್ತಿಸುತ್ತಿದ್ದಳು. ಆಮೇಲೆ ನಿಲ್ಲಿ ಅನ್ನುತ್ತಿದ್ದಳು. ಅಲ್ಲಿಗೆ ನನ್ನ ಪಾಠ ಶುರು. ಒಂದು ದಿನ, ದೇಹ ಬೇರೆ ನಾನು ಬೇರೆ, ಅದು ಮಲಗಿದರೆ ಮಲಗಲಿ ಬಿಡು ಎಂದು ಅವಳಿಗೆ ಗಂಭೀರವಾಗಿ ಹೇಳಿದೆ.

"ಬ್ಯಾರೆ ಇದ್ರ ಛಲೋನ ಆತ್ರಿ ಮೇಡಂ," ಎಂದಳು ರೇಖಾ. "ನೀವು ಇಲ್ಲೇ ಆರಾಮ ಕುಂದ್ರಿ. ದೇಹ ಒಂದ ಎದ್ದ ನಿಲ್ಲಲಿ."

ನಮ್ಮ ಮನೆಯವರು ಬಾಗಿಲ ಹೊರಗೆ ಹೋಗಿ ನಕ್ಕು ಬಂದರು. ಬಹಳ ದಿನದ ಮೇಲೆ ಅವರು ನಕ್ಕದ್ದು. ನನ್ನನ್ನು ಎತ್ತಿ ಇಳಿಸಿ ಅವರ ಬೆನ್ನು ಬಾಗಿತ್ತು, ಆದರೂ ನಾನು ಏಳಲಿಲ್ಲ.

ಕಾಕಾ ಬಂದದ್ದು ಆ ವಾರವೇ. ಯಾರು ಸುದ್ದಿ ಮುಟ್ಟಿಸಿದರೋ ಗೊತ್ತಿಲ್ಲ. ಕಂಕುಳಲ್ಲಿ ಒಂದು ಕಟ್ಟು ಹಸಿ ಕಡಲೆ ಗಿಡ ಹಿಡಿದು, ಬಬಲೇಶ್ವರದ ಬಸ್ಸಿಳಿದು, ದಾರಿ ಕೇಳುತ್ತ ತೊರವಿ ರಸ್ತೆಯ ನಮ್ಮ ಮನೆಗೆ ನಡೆದೇ ಬಂದಿದ್ದ. ತೂಕದ ಯಂತ್ರಗಳು ಬಂದು ಅವನ ಅಳತೆಯ ಕೆಲಸ ನಿಂತು ಎಷ್ಟೋ ವರ್ಷವಾಗಿತ್ತು. ಎಂಬತ್ತೆಂಟು ದಾಟಿದ ಮನುಷ್ಯ. ಕುರ್ಚಿ ಕೊಟ್ಟರೆ ಒಲ್ಲೆನೆಂದು ನನ್ನ ಮಂಚದ ಎದುರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ರಾಶಿಯ ಮುಂದೆ ಕೂರುತ್ತಿದ್ದನಲ್ಲ, ಅದೇ ಕೂರುವಿಕೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಏನಾಯಿತೆಂದು ಕೇಳಲಿಲ್ಲ.

ಅಷ್ಟರಲ್ಲಿ ರೇಖಾ ಬಂದಳು. ನನ್ನನ್ನು ಮಂಚದ ಅಂಚಿಗೆ ಕೂಡಿಸಿ, ಹಿಡಿದು ನಿಲ್ಲುವ ನಾಲ್ಕು ಕಾಲಿನ ಸ್ಟ್ಯಾಂಡನ್ನು ಮುಂದೆ ಇಟ್ಟಳು. ಸ್ಟ್ಯಾಂಡು ಬಂದಾಗಿನಿಂದ ಅದರ ಮೇಲೆ ಟವೆಲು ಒಣಹಾಕುವುದು ಬಿಟ್ಟರೆ ಬೇರೆ ಉಪಯೋಗ ಆಗಿರಲಿಲ್ಲ. ಎಣಿಸಲು ಬಾಯಿ ತೆರೆದಳು.

"ಎಣಿಕಿ ನನಗ ಬಿಡವ್ವಾ," ಎಂದ ಕಾಕಾ. "ನಾ ಎಣಸಾವನ ಅದೀನಿ."

ಅವನ ತುಟಿ ಅಲುಗಿತು. ಬಿಸ್ಮಿಲ್ಲಾ ಎಂದು ಕೇಳಿಸದಿದ್ದರೂ ನನಗೆ ತಿಳಿಯಿತು. ಆಮೇಲೆ ಆ ಹಳೆಯ ದನಿ, ಸ್ವಲ್ಪ ನಡುಗುವ ದನಿ: "ಲಾಭ."

ನಾನು ಕಾಲೆತ್ತಿದೆ. ರೇಖಾ ಹುಬ್ಬೇರಿಸಿದಳು. "ಎರಡು," ಎಂದ ಕಾಕಾ. ಎತ್ತಿದೆ. "ಮೂರು." ಎತ್ತಿದೆ. ಒನ್, ಟೂಗೆ ಭಾರವಾಗಿದ್ದ ಕಾಲು ಈ ಎಣಿಕೆಗೆ ಯಾಕೆ ಹಗುರಾಯಿತೆಂದು ನಾನು ಹೇಳಲಾರೆ. ಮೂಗಿಗೆ ಹೊಟ್ಟಿನ ವಾಸನೆ ಬಂದಂತಾಯಿತು. ನಾಲ್ಕು. ಐದು. ಅಲ್ಲಿ ಹೊಲ ಕಾಣುತ್ತಿತ್ತು, ಅಜ್ಜಿಯ ಬೇವಿನ ಗಿಡ ಕಾಣುತ್ತಿತ್ತು. "ಆರು" ಎಂದು ಹೇಳಿ ಅವನು ನನ್ನ ಮುಖ ನೋಡಿದ. ಮುಂದಿನದು ನನ್ನ ಮಾತು. ಅರವತ್ತು ವರ್ಷ ಆದರೂ ಅದು ನನ್ನದೇ. "ಮತ್ತೊಂದು" ಅನ್ನಲು ನಾನು ಬಾಯಿ ತೆರೆದೆ. ಅದಕ್ಕೆ ಮೊದಲೇ, ಅವನ ಜೀವಮಾನದಲ್ಲಿ ನಾನು ಕೇಳದ ಗಟ್ಟಿ ದನಿಯಲ್ಲಿ ಅವನು ಕೂಗಿದ:

"ಏಳು!"

ನಾನು ನಿಂತಿದ್ದೆ.

ಹೇಗೆ ನಿಂತೆನೆಂದು ಕೇಳಬೇಡಿ. ಎರಡೂ ಕೈ ಸ್ಟ್ಯಾಂಡನ್ನು ಹಿಡಿದಿದ್ದವು. ರೇಖಾಳ ಕೈಗಳು ನನ್ನ ಎರಡೂ ಪಕ್ಕ ಗಾಳಿಯಲ್ಲಿದ್ದವು, ನನ್ನನ್ನು ಮುಟ್ಟಿರಲಿಲ್ಲ. ಬಾಗಿಲಲ್ಲಿ ನಮ್ಮ ಮನೆಯವರು ಚಹಾದ ತಟ್ಟೆ ಹಿಡಿದು ಬಾಯಿ ತೆರೆದು ನಿಂತಿದ್ದರು. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೆ ನಾನು ನಿಂತಿದ್ದೆ. ಕೆಳಗೆ ಕೂತಿದ್ದ ಕಾಕಾ ನೆಲವನ್ನು ಅಂಗೈಯಿಂದ ಎರಡು ಸಲ ತಟ್ಟಿದ.

"ನೆಲಾ ಇಲ್ಲೇ ಐತಿ ನೋಡು. ಎಲ್ಲೂ ಹೋಗಿಲ್ಲ," ಎಂದ.

ಚಹಾ ಕುಡಿಯುವಾಗ ನನಗೆ ತಡೆಯಲಾಗಲಿಲ್ಲ. "ಕಾಕಾ, ನೀ ಅದನ್ನ ಎಂದೂ ಅಂದಾವಲ್ಲ. ಇವತ್ತ ಹೆಂಗ ಅಂದಿ?"

"ಜ್ವಾಳ ಕುಂದ್ರಬೇಕು. ನೀ ಏಳಬೇಕು," ಎಂದ ಅವನು, ಬಶಿಯಲ್ಲಿ ಚಹಾ ಆರಿಸಿಕೊಳ್ಳುತ್ತ. "ಮಾತ ಒಂದ ಬೇ. ಯಾರಿಗಿ ಅನ್ನಬೇಕು, ಯಾರಿಗಿ ಅನ್ನಬಾರ್ದು ಅನ್ನೂದಷ್ಟ ನೋಡ್ಕೋಬೇಕು."

ನಾನು ತಲೆ ತಗ್ಗಿಸಿ, ಮೂವತ್ತು ವರ್ಷ ಅವನ ಕತೆ ಹೇಳಿ ಹುಡುಗರನ್ನು ನಗಿಸಿದ್ದೆನೆಂದು ಒಪ್ಪಿಕೊಂಡೆ. ಮೂಢನಂಬಿಕೆ ಅಂದಿದ್ದೆನೆಂದೂ ಹೇಳಿದೆ. ಅವನು ಬಶಿ ಕೆಳಗಿಟ್ಟ.

"ನಕ್ಕರೇನು ಹುಡುಗರು?"

"ಬಾಳ ನಕ್ಕರು."

"ಛಲೋ ಆತು ತಗೋ. ಪಾಪ, ಸಾಲ್ಯಾಗ ಕುಂತ ಕುಂತ ಅವಕ್ಕ ಬ್ಯಾಸರ ಬಂದಿರ್ತೈತಿ."

ಅಷ್ಟೇ. ನಾನು ಓದಿದ ಪುಸ್ತಕಗಳಲ್ಲಿ ಸಮಚಿತ್ತ ಎಂಬ ಪದ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಅದರ ಅರ್ಥವನ್ನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳುತ್ತಿದ್ದೆ. ಅದು ಹೀಗೆ ನನ್ನ ಮನೆಯ ನೆಲದ ಮೇಲೆ ಕೂತು, ಬಶಿಯಲ್ಲಿ ಚಹಾ ಕುಡಿದು, ನಾಲ್ಕೂವರೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಡುತ್ತದೆಂದು ನನಗೆ ಗೊತ್ತಿರಲಿಲ್ಲ. ಅವನು ಗೇಟು ದಾಟಿ ಹೋಗುವುದನ್ನು ನಾನು ಸ್ಟ್ಯಾಂಡು ಹಿಡಿದು ನಿಂತೇ ನೋಡಿದೆ.

ಆಮೇಲಿನ ಎರಡು ವರ್ಷ ನಾನು ಬಾಯಿ ತೆರೆಯುವ ಮೊದಲು ಒಂದು ಗಳಿಗೆ ತಡೆಯುವುದನ್ನು ರೂಢಿ ಮಾಡಿಕೊಂಡೆ. ಪೂರ್ತಿ ಬಂದಿದೆ ಎನ್ನಲಾರೆ. ಮಾತೇ ಹೊಟ್ಟೆಪಾಡಾಗಿದ್ದವಳಿಗೆ ಅದು ಸುಲಭವಲ್ಲ. ಪಕ್ಕದ ಮನೆಯವರು ಗಂಡನನ್ನು ಕಳೆದುಕೊಂಡು ಮೂಲೆ ಹಿಡಿದು ಕೂತಾಗ, ಬಂದವರೆಲ್ಲ "ಏಳ್ರಿ, ಧೈರ್ಯಾ ತಗೋರಿ" ಅನ್ನುತ್ತಿದ್ದರು. ನನ್ನ ನಾಲಿಗೆಯ ತುದಿಗೆ ಅನಿತ್ಯತೆಯ ಮೇಲೆ ಒಂದು ಪೂರ್ತಿ ಉಪನ್ಯಾಸವೇ ಬಂದಿತ್ತು. ನುಂಗಿಕೊಂಡೆ. ಇದು ಎಬ್ಬಿಸುವ ಹೊತ್ತಲ್ಲ, ಕೂರಬೇಕಾದ ದುಃಖ ಎಂದು ಅನ್ನಿಸಿ ಸುಮ್ಮನೆ ಅವರ ಪಕ್ಕ ಕೂತೆ. ಸಂಜೆ ಅವರೇ ಎದ್ದು ನನಗೆ ನೀರು ತಂದುಕೊಟ್ಟರು. ತೊರವಿಯ ಆ ಹುಡುಗ ಎಲ್ಲಿದ್ದಾನೋ. ಸಿಕ್ಕರೆ ಅವನ ಪ್ರಶ್ನೆಗೆ ಈಗ ಬೇರೆ ಉತ್ತರ ಕೊಡುತ್ತೇನೆ.

ಇಷ್ಟೆಲ್ಲ ಕಲಿತಿದ್ದೇನೆಂದು ನನ್ನ ಎಣಿಕೆ. ಮೊನ್ನೆ ಬಬಲೇಶ್ವರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಮಾಡುತ್ತಿದ್ದ ತಯಾರಿ ಕೇಳಿದರೆ ನಿಮಗೇ ನಗು ಬರುತ್ತದೆ. ಕಾಕಾ ನನ್ನನ್ನು ಒಂದು ಮಾತಿನಿಂದ ಎಬ್ಬಿಸಿದ. ಈಗ ಅವನು ಮಲಗಿದ್ದಾನೆ. ಅದೇ ಮಾತನ್ನು ತೆಗೆದುಕೊಂಡು ಹೋಗಿ ಅವನಿಗೆ ಹೇಳುತ್ತೇನೆ, ಅವನು ಎದ್ದು ಕೂರುತ್ತಾನೆ. ಎಷ್ಟು ಗಟ್ಟಿಯಾಗಿ ಕೂಗಬೇಕೆಂದು ಕೂಡ ಯೋಚಿಸಿಟ್ಟಿದ್ದೆ. ಎರಡೂ ಕಡೆ ಕೊಯ್ದ ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು, ನಾನು ನನ್ನಷ್ಟಕ್ಕೆ ಸ್ವರ ಸರಿಮಾಡಿಕೊಳ್ಳುತ್ತಿದ್ದೆ.

ಸಂತೆಯ ಬಯಲಿನ ಹಿಂದಿನ ಓಣಿಯಲ್ಲಿ ಅವರ ಮನೆ. ರಫೀಕನ ಅವ್ವ ಜೈತುನ್‌ಬಿ ಬಾಗಿಲಲ್ಲೇ ಕೈ ಹಿಡಿದುಕೊಂಡಳು. "ನೀವರೆ ಒಂದೀಟ ಹೇಳಿ ಉಣಸ್ರಿ ಅಕ್ಕಾರ," ಎಂದಳು. ಜೋಳದ ನುಚ್ಚು, ಮೇಲೆ ಮಜ್ಜಿಗೆ. ಬಟ್ಟಲು ಹಿಡಿದು ಒಳಗೆ ಹೋದೆ.

ಮಂಚದ ಮೇಲೆ ಅವನು ಬಹಳ ಸಣ್ಣಗೆ ಕಂಡ. ಗೋಡೆಗೆ ತಲೆದಿಂಬು ಆನಿಸಿ ಒರಗಿಸಿದ್ದರು. ಮುಖ ತಿಳಿಯಾಗಿತ್ತು. ನೋವಿಲ್ಲ, ದೂರಿಲ್ಲ. ಸಂತೆ ಮುಗಿಸಿ, ಗಂಟು ಕಟ್ಟಿ ಬಸ್ಸಿಗೆ ಕಾಯುವವರ ಮುಖ. ನನ್ನನ್ನು ಗುರುತು ಹಿಡಿದು, "ನಡಕೋತ ಬಂದೇನ ಬೇ?" ಎಂದ.

"ನಡಕೋತ ಬಂದೀನಿ ಕಾಕಾ. ಜ್ವಾಳ ಬಂದಾವು."

"ಅಳದೇನು?"

"ಅರ್ಧಾ ಅಳದೀನಿ."

ಅವನು ನಕ್ಕಂತೆ ತೋರಿತು. ನಾನು ಮೊದಲ ಚಮಚ ಅವನ ತುಟಿಗೆ ಹಿಡಿದು "ಲಾಭ" ಅಂದೆ. ಕಣ್ಣು ಅರಳಿದವು. ಬಾಯಿ ತೆರೆದ. ಎರಡು. ನುಂಗಲು ಹೊತ್ತು ಬೇಕಾಯಿತು, ಕಾದೆ. ಮೂರಕ್ಕೆ ಬಾಗಿಲಲ್ಲಿ ಜೈತುನ್‌ಬಿ ಸೆರಗು ಬಾಯಿಗಿಟ್ಟುಕೊಂಡಳು. ಎರಡು ತುತ್ತಿನ ಮೇಲೆ ಅವನು ತಿಂದು ಹದಿನೈದು ದಿನವಾಗಿತ್ತು. ನಾಲ್ಕು. ಐದು. ಆರು.

ಅಲ್ಲಿ ಅವನು ಬಾಯಿ ಮುಚ್ಚಿದ. ಮುಚ್ಚಿ ನನ್ನ ಮುಖವನ್ನೇ ನೋಡಿದ.

ಬಸ್ಸಿನಲ್ಲಿ ತಯಾರು ಮಾಡಿಕೊಂಡ ಮಾತು ಗಂಟಲಿಗೆ ಬಂದಿತ್ತು. ಅದರ ಮೊದಲ ಅಕ್ಷರಕ್ಕೆ ನನ್ನ ತುಟಿ ಸರಿದಿದ್ದವು. ಆಗ ಅವನ ಕಣ್ಣು ಕಂಡವು. ಅಳತೆಯನ್ನು ಗಾಳಿಯಲ್ಲಿ ಹಿಡಿದು ನನ್ನತ್ತ ನೋಡುತ್ತಿದ್ದ ಅದೇ ಕಣ್ಣು. ಹೊರಟು ನಿಂತ ಮನುಷ್ಯನ ಮುಂದೆ ಕೂತು ನಾನು ಅದೇ ತಪ್ಪನ್ನು, ಕಣದಲ್ಲಿ ಮಾಡಿದ ಅದೇ ತಪ್ಪನ್ನು, ಮತ್ತೆ ಮಾಡುವುದರಲ್ಲಿದ್ದೆ. ಅವನನ್ನು ಎಬ್ಬಿಸಿ ಕಳಿಸುವುದರಲ್ಲಿದ್ದೆ. ಈ ಸಲ ಚೀಲ ಬಿಚ್ಚಿ ಮತ್ತೆ ಸುರಿಯಲು ಬರುತ್ತಿರಲಿಲ್ಲ.

ಚಮಚವನ್ನು ಹಾಗೇ ಹಿಡಿದು, ಎಂಟು ವರ್ಷದ ಹುಡುಗಿಯ ದನಿಯಲ್ಲಿ, ಮೆಲ್ಲಗೆ ಅಂದೆ: "ಮತ್ತೊಂದು."

ಅವನು ಬಾಯಿ ತೆರೆದ.

ಎಂಟು ತಿಂದ, ಒಂಬತ್ತು ತಿಂದ. ಹನ್ನೊಂದಕ್ಕೆ ಕೈ ಎತ್ತಿ ಸಾಕೆಂದ. ಬಾಯಿ ಒರೆಸಿದಾಗ ನನ್ನ ಕೈ ಹಿಡಿದು, "ಮರತಿಲ್ಲ ನೋಡು," ಎಂದ. ತೊಂಬತ್ತರ ಮನುಷ್ಯನನ್ನು ಹನ್ನೊಂದು ಚಮಚ ನುಚ್ಚು ಎಷ್ಟು ದಿನ ಹಿಡಿದಿಡುತ್ತದೆ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಜೈತುನ್‌ಬಿಗೆ ಎಣಿಕೆ ಕಲಿಸಿ ಬಂದೆ. ಅವಳಿಗೆ ಲಾಭ ಬೇಗ ಬಂತು, ಏಳನೆಯದಕ್ಕೆ ಎರಡು ಸಲ ತಡವರಿಸಿದಳು. ಮಂಚದಿಂದ ಕಾಕಾನೇ ತಿದ್ದಿದ.

ಸಂಜೆ ಮನೆಗೆ ಬಂದಾಗ ಚೀಲ ಹಾಗೇ ಬಾಯಿ ತೆರೆದು ಕೂತಿತ್ತು. ಮನೆಯವರು ಮುಟ್ಟಿರಲಿಲ್ಲ. ನೆಲಕ್ಕೆ ಕೂತು, ಬೆಳಿಗ್ಗೆ ನಿಲ್ಲಿಸಿದ್ದ ಆರರ ಮುಂದಿನ ಸೇರು ತುಂಬಿದೆ. ಸೇರು ಡಬ್ಬಿಯ ಮೇಲೆ ಗಾಳಿಯಲ್ಲೇ ನಿಂತಿತು. ಡಬ್ಬಿ ಹಿಡಿದಿದ್ದ ನಮ್ಮ ಮನೆಯವರು, ಅಂಕಿಗೆ ಕಿವಿ ಇಲ್ಲವೆಂದು ತೀರ್ಪು ಕೊಟ್ಟ ಗಣಿತದ ಮಾಸ್ತರರು, ಸುತ್ತ ಒಮ್ಮೆ ನೋಡಿ, ಯಾರಿಗೋ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ ಅಂದರು: "ಮತ್ತೊಂದು."

ಜೋಳ ಸುರಿಯಿತು. ಉಳಿದದ್ದನ್ನು ಇಬ್ಬರೂ ಸೇರಿ ಎಣಿಸಿದೆವು. ಚೀಲ ಖಾಲಿಯಾದ ಮೇಲೆ ಅವರು ಡಬ್ಬಿಯ ಮುಚ್ಚಳ ಹಾಕಿ, ಅದರ ಮೇಲೆ ಒಮ್ಮೆ ಕೈಯಿಟ್ಟು, ಆಮೇಲೆ ಆ ಕೈಯನ್ನು ನನ್ನ ಕಡೆ ಚಾಚಿದರು.

"ಹೂಂ," ಎಂದರು. "ಇನ್ನ ಏಳು."